ಸರಿಯಾಗಿ 32ನೇ ಸೆಕೆಂಡಿಗೆ ಕಟ್ ಆಗುವ ಕಾಲ್: ಸಿಪ್ ಫೋನಿನ ದೋಷ ಹುಡುಕುವ ಬಗೆ

"ಸರ್, ಮಾತಾಡ್ತಾ ಇರ್ತೀವಿ, ಇದ್ದಕ್ಕಿದ್ದ ಹಾಗೆ ಕಟ್ ಆಗುತ್ತೆ. ನಾವೇ ಫೋನ್ ಇಟ್ಬಿಟ್ವಿ ಅಂದ್ಕೊಂಡು ಪೇಷೆಂಟ್ ಕಡೆಯವರು ಬೈತಾರೆ."

ಹಾಸನದ ಕಡೆಯ ಒಂದು ಸಣ್ಣ ಆಸ್ಪತ್ರೆಯ ರಿಸೆಪ್ಷನ್‌ನಿಂದ ಬಂದ ದೂರು ಇದು. ಅಲ್ಲಿ ಹದಿನಾಲ್ಕು ಐಪಿ ಫೋನ್, ಒಂದು ಆಸ್ಟರಿಸ್ಕ್ ಪಿಬಿಎಕ್ಸ್ (ಆಸ್ಟರಿಸ್ಕ್ ತಂತ್ರಾಂಶದಿಂದ ನಡೆಯುವ, ಆಸ್ಪತ್ರೆಯೊಳಗಿನ ಫೋನ್ ಎಕ್ಸ್‌ಚೇಂಜ್), ಬ್ರಾಡ್‌ಬ್ಯಾಂಡ್ ಮೇಲೆ ಬರುವ ಒಂದು ಸಿಪ್ ಟ್ರಂಕ್ (ಫೋನ್ ಕಂಪನಿ ಕೊಡುವ ಹೊರಲೈನು). ಈ ಸಾಧನಗಳು ಕಾಲ್ ಕೂಡಿಸಲು ಆಡುವ ಭಾಷೆಯೇ ಸಿಪ್. ಇಷ್ಟೇ ವ್ಯವಸ್ಥೆ. ನಾನು ಹೋಗುವಷ್ಟರಲ್ಲಿ ಕೇಬಲ್ ಬದಲಾಗಿತ್ತು, ಸ್ವಿಚ್ ಬದಲಾಗಿತ್ತು. ಇಂಟರ್ನೆಟ್ ಪ್ಲಾನ್ ಕೂಡ ದೊಡ್ಡದು ಮಾಡಿಸಿದ್ದರು. ಕಾಲ್ ಮಾತ್ರ ಕಟ್ ಆಗುತ್ತಲೇ ಇತ್ತು.

ನಾನು ಮೊದಲು ಮಾಡಿದ ಕೆಲಸ ಮೊಬೈಲಿನ ಸ್ಟಾಪ್‌ವಾಚ್ ತೆರೆದದ್ದು. ಹೊರಗಿನಿಂದ ಒಬ್ಬರ ಕೈಲಿ ಫೋನ್ ಮಾಡಿಸಿದೆ. ರಿಸೀವರ್ ಎತ್ತಿದ ಕ್ಷಣದಿಂದ ಎಣಿಸಿದೆ. 32 ಸೆಕೆಂಡ್. ಇನ್ನೊಂದು ಸಲ, 32. ಮೂರನೇ ಸಲ ಬೇರೆ ಎಕ್ಸ್‌ಟೆನ್ಷನ್‌ಗೆ ಮಾಡಿಸಿದೆ. ಮತ್ತೆ 32.

ಕೇಬಲ್ ಸಡಿಲ ಇದ್ದರೆ ಒಂದು ಕಾಲ್ 10 ಸೆಕೆಂಡಿಗೆ ಹೋಗುತ್ತದೆ, ಇನ್ನೊಂದು 5 ನಿಮಿಷಕ್ಕೆ ಹೋಗುತ್ತದೆ. ಪ್ರತಿಸಲವೂ ಒಂದೇ ಸೆಕೆಂಡಿಗೆ ಕಟ್ ಆದರೆ, ಯಾವುದೋ ಯಂತ್ರ ಲೆಕ್ಕ ಇಟ್ಟುಕೊಂಡು ಕಟ್ ಮಾಡುತ್ತಿದೆ ಎಂದೇ ಅರ್ಥ. ಆ ಲೆಕ್ಕ ಸಿಪ್ ಸ್ಟ್ಯಾಂಡರ್ಡ್‌ನಲ್ಲಿ ಬರೆದಿದೆ. ಅದನ್ನು ಓದಿದವರಿಗೆ ಕಟ್ ಆದ ಸಮಯವೇ ರೋಗದ ಹೆಸರನ್ನೂ ಹೇಳುತ್ತದೆ. ಈ ಬರಹವನ್ನು ಸ್ಟಾಪ್‌ವಾಚ್ ಪಕ್ಕದಲ್ಲಿಟ್ಟುಕೊಂಡು ಓದಿ.

ಮುಟ್ಟುವ ಮೊದಲು

ಒಂದು ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆದುಕೊಳ್ಳಿ. ಕಾಲ್ ಯಾರು ಯಾರಿಗೆ ಮಾಡಿದ್ದು, ಒಳಗಿಂದ ಹೊರಗೋ ಹೊರಗಿಂದ ಒಳಗೋ? ಎತ್ತಿದ ಮೇಲೆ ಎಷ್ಟು ಸೆಕೆಂಡಿಗೆ ಕಟ್ ಆಯಿತು? ಕಟ್ ಆಗುವ ತನಕ ಯಾರಿಗೆ ಯಾರ ದನಿ ಕೇಳಿಸುತ್ತಿತ್ತು?

ಇಷ್ಟೇ ಸಾಕು. ಆದರೆ ಇದನ್ನು ಬಿಟ್ಟು ಪಿಬಿಎಕ್ಸ್ ರೀಸ್ಟಾರ್ಟ್ ಮಾಡಲು ಹೋಗಬೇಡಿ. ರೀಸ್ಟಾರ್ಟ್ ಮಾಡಿದರೆ ಕೆಲವು ದೋಷ ಒಂದೆರಡು ಗಂಟೆ ಮರೆಯಾಗುತ್ತದೆ. ಆಗ ಸರಿ ಹೋಯಿತು ಅಂದುಕೊಂಡು ಮನೆಗೆ ಹೋಗುತ್ತೀರಿ, ಸಂಜೆ ಮತ್ತೆ ಫೋನ್ ಬರುತ್ತದೆ.

ಆಸ್ಪತ್ರೆಯಲ್ಲಿ ನನಗೆ ಸಿಕ್ಕಿದ್ದು ಹೀಗಿತ್ತು: ಹೊರಗಿಂದ ಬಂದ ಕಾಲ್ ಮಾತ್ರ ಕಟ್ ಆಗುತ್ತದೆ. ಕಟ್ ಆಗುವ ತನಕ ಎರಡೂ ಕಡೆ ದನಿ ಚೆನ್ನಾಗಿಯೇ ಇರುತ್ತದೆ. ಒಳಗಿಂದ ಹೊರಗೆ ಮಾಡಿದ್ದು ಕಟ್ ಆಗುವುದಿಲ್ಲ. ರಿಸೆಪ್ಷನ್‌ನವರು ಇನ್ನೊಂದು ಮಾತನ್ನೂ ಹೇಳಿದರು. "ನಾವು ಮಾಡಿದ ಕಾಲಲ್ಲಿ ಆ ಕಡೆಯವರು ಇಟ್ರೂ ನಮ್ಮ ಫೋನಲ್ಲಿ ಟೈಮ್ ಓಡ್ತಾನೇ ಇರುತ್ತೆ ಸರ್. ಅದು ಬೇರೆ ಪ್ರಾಬ್ಲಮ್ ಇರ್ಬೇಕು." ಬೇರೆ ಅಲ್ಲ. ಅದೇ ನನಗೆ ಸಿಕ್ಕ ದೊಡ್ಡ ಸುಳಿವು. ಅದಕ್ಕೇ, ಫೋನ್ ಬಳಸುವವರು ಹೇಳುವ ಸಣ್ಣ ಮಾತನ್ನೂ ಬರೆದುಕೊಳ್ಳಿ.

ಎರಡು ದಾರಿ ಇವೆ

ಸಿಪ್ ಕೆಲಸ ದನಿ ಸಾಗಿಸುವುದಲ್ಲ. ಕರೆಯುವುದು, ಒಪ್ಪಿಸುವುದು, ಮುಗಿಸುವುದು ಅದರ ಕೆಲಸ. ದನಿ ಹೋಗುವುದು ಆರ್‌ಟಿಪಿ ಎಂಬ ಬೇರೆ ದಾರಿಯಲ್ಲಿ. ಯಾವ ವಿಳಾಸಕ್ಕೆ, ಯಾವ ಪೋರ್ಟಿಗೆ (ಆ ವಿಳಾಸದ ಯಾವ ಬಾಗಿಲಿಗೆ), ದನಿಯನ್ನು ಅಂಕಿಗಳಾಗಿ ಬದಲಿಸುವ ಯಾವ ಕೋಡೆಕ್‌ನಲ್ಲಿ ದನಿ ಕಳಿಸಬೇಕು ಎನ್ನುವುದನ್ನು ಸಿಪ್ ಸಂದೇಶದ ಹೊಟ್ಟೆಯಲ್ಲಿರುವ ಎಸ್‌ಡಿಪಿ ಎಂಬ ಚೀಟಿ ಹೇಳುತ್ತದೆ. ಅದಕ್ಕೇ ದನಿ ಚೆನ್ನಾಗಿದ್ದೂ ಕಾಲ್ ಕಟ್ ಆಗಬಹುದು. ಕಾಲ್ ನಿಂತಿದ್ದೂ ದನಿ ಇಲ್ಲದಿರಬಹುದು.

ಈ ರಚನೆ ಹೀಗೇಕೆ ಬಂತು ಎಂದು ತಿಳಿದರೆ ಮುಂದಿನದು ಸುಲಭ. 1996ರಲ್ಲಿ ಇಂಟರ್ನೆಟ್ಟಿನ ನಿಯಮ ಬರೆಯುವ ಐಇಟಿಎಫ್ ಸಂಸ್ಥೆಯ ಮುಂದೆ ಎರಡು ಕರಡುಗಳಿದ್ದವು. ಒಂದನ್ನು ಮಾರ್ಕ್ ಹ್ಯಾಂಡ್ಲಿ ಮತ್ತು ಈವ್ ಸ್ಕೂಲರ್ ಬರೆದಿದ್ದರು, ಇನ್ನೊಂದನ್ನು ಹೆನಿಂಗ್ ಶುಲ್ಜ್‌ರಿನ್. ಎರಡನ್ನೂ ಸೇರಿಸಿ ಒಂದು ಮಾಡಿದರು. ಅದು 1999ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2543 ಆಗಿ ಹೊರಬಂತು (ಐಇಟಿಎಫ್ ಹೊರಡಿಸುವ, ಸಂಖ್ಯೆ ಹಾಕಿದ ದಾಖಲೆಗಳಿಗೆ ಆರ್‌ಎಫ್‌ಸಿ ಎಂದು ಹೆಸರು). 2002ರ ಜೂನ್‌ನಲ್ಲಿ ಪೂರ್ತಿ ತಿದ್ದಿ ಬರೆದ ಆರ್‌ಎಫ್‌ಸಿ 3261 ಬಂತು. ಇವತ್ತಿಗೂ ನಮ್ಮ ಮೇಜಿನ ಮೇಲಿನ ಫೋನ್ ನಡೆಯುವುದು ಆ 269 ಪುಟಗಳ ಮೇಲೆಯೇ. ಇದೇ ಕೆಲಸಕ್ಕೆ ಐಟಿಯು ಎಂಬ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ತಂದ ಎಚ್.323 ಕೂಡ 1996ರದ್ದೇ. ಆದರೆ ಅದರ ಸಂದೇಶ ಬೈನರಿ. ಸಿಪ್ ಸಂದೇಶ ಬರೀ ಪಠ್ಯ, ವೆಬ್‌ನ ಎಚ್‌ಟಿಟಿಪಿ ಹಾಗೆ. ಕಣ್ಣಿಂದಲೇ ಓದಿ ದೋಷ ಹುಡುಕಬಹುದು. ಹೀಗೆ ಬರೆದವರಿಗೆ ನಾನು ಋಣಿ.

ಒಂದು ತೊಡಕು ಮಾತ್ರ ಉಳಿಯಿತು. ಎರಡು ಫೋನ್‌ಗಳೂ ನೇರವಾಗಿ ಒಂದಕ್ಕೊಂದು ಸಿಗುತ್ತವೆ ಎಂಬ ನಂಬಿಕೆಯ ಮೇಲೆ ಸಿಪ್ ನಿಂತಿದೆ. ಅದಕ್ಕೇ ಪ್ರತಿ ಸಂದೇಶದಲ್ಲೂ ಫೋನ್ ತನ್ನ ವಿಳಾಸವನ್ನು ತಾನೇ ಬರೆಯುತ್ತದೆ. ಆದರೆ ನಮ್ಮ ಫೋನ್‌ಗಳೆಲ್ಲ ಇರುವುದು ರೂಟರಿನ ಹಿಂದೆ, 192.168 ಎಂದು ಶುರುವಾಗುವ ಒಳಗಿನ ವಿಳಾಸದಲ್ಲಿ. ಆ ವಿಳಾಸ ಮನೆಯೊಳಗೆ ಮಾತ್ರ ನಡೆಯುತ್ತದೆ. ಹೊರಗಿನವರಿಗೆ "ಅಡುಗೆಮನೆ ಪಕ್ಕದ ರೂಮಿಗೆ ಕಾಗದ ಹಾಕಿ" ಅಂದರೆ ಅಂಚೆಯವರು ಎಲ್ಲಿಗೆ ತಂದಾರು?

32 ಸೆಕೆಂಡಿನ ಲೆಕ್ಕ

ಕಾಲ್ ಕೂಡುವುದು ಮೂರು ಹೆಜ್ಜೆಯಲ್ಲಿ. ಕರೆಯುವವರು ಇನ್ವೈಟ್ ಕಳಿಸುತ್ತಾರೆ. ಎತ್ತಿದವರು 200 ಓಕೆ ಕಳಿಸುತ್ತಾರೆ. ಓಕೆ ಸಿಕ್ಕಿತು ಎಂದು ಕರೆದವರು ಆಕ್ ಕಳಿಸುತ್ತಾರೆ. ಮೂರನೆಯದು ತಲುಪಿದರೆ ಮಾತ್ರ ಎತ್ತಿದ ಕಡೆಗೆ ಸಮಾಧಾನ.

ಆಕ್ ಬರದಿದ್ದರೆ? ಎತ್ತಿದ ಕಡೆಯವರು 200 ಓಕೆಯನ್ನು ಮತ್ತೆ ಮತ್ತೆ ಕಳಿಸುತ್ತಾರೆ. ಸ್ಟ್ಯಾಂಡರ್ಡ್‌ನಲ್ಲಿ ಟಿ1 ಎಂಬ ಅಳತೆ ಇದೆ, ಅರ್ಧ ಸೆಕೆಂಡ್. ಮೊದಲ ಕಾಯುವಿಕೆ ಅಷ್ಟು. ಆಮೇಲೆ ಅದು 1, 2, 4 ಎಂದು ದುಪ್ಪಟ್ಟಾಗುತ್ತ ಹೋಗಿ 4 ಸೆಕೆಂಡಿಗೆ ನಿಲ್ಲುತ್ತದೆ. ಅಲ್ಲಿಂದ ಪ್ರತಿ 4 ಸೆಕೆಂಡಿಗೊಮ್ಮೆ. ಟಿ1ರ 64 ಪಟ್ಟು ಆಗುವ ತನಕ ಹೀಗೇ. ಅರ್ಧ ಸೆಕೆಂಡಿನ 64 ಪಟ್ಟು ಅಂದರೆ 32 ಸೆಕೆಂಡ್! ಅಷ್ಟಾದರೂ ಆಕ್ ಸಿಗದಿದ್ದರೆ ಬೈ ಎಂಬ ಸಂದೇಶ ಕಳಿಸಿ ಕಾಲ್ ಮುಗಿಸಬೇಕು ಎಂದು ಆರ್‌ಎಫ್‌ಸಿ 3261ರ 13.3.1.4ನೇ ಭಾಗ ಹೇಳುತ್ತದೆ.

ಆಸ್ಪತ್ರೆಯ ಪಿಬಿಎಕ್ಸ್‌ನಲ್ಲಿ ಎಸ್‌ಎನ್‌ಗ್ರೆಪ್ ಓಡಿಸಿದೆ. ಸಿಪ್ ಸಂದೇಶಗಳನ್ನು ಏಣಿಯ ಹಾಗೆ ಬಾಣ ಹಾಕಿ ತೋರಿಸುವ ಪುಟ್ಟ ತಂತ್ರಾಂಶ ಅದು, ಉಚಿತ. ತೆರೆಯ ಮೇಲೆ ಕಂಡದ್ದು ಇದು:

0.0 ಸೆಕೆಂಡ್: ಪಿಬಿಎಕ್ಸ್‌ನಿಂದ 200 ಓಕೆ
0.5: 200 ಓಕೆ
1.5: 200 ಓಕೆ
3.5: 200 ಓಕೆ
7.5: 200 ಓಕೆ
11.5, 15.5, 19.5, 23.5, 27.5, 31.5: 200 ಓಕೆ
32.0: ಪಿಬಿಎಕ್ಸ್‌ನಿಂದ ಬೈ

ಹನ್ನೊಂದು ಓಕೆ, ಒಂದೂ ಆಕ್ ಇಲ್ಲ. ಎಷ್ಟು ಚೊಕ್ಕ ಲೆಕ್ಕ ನೋಡಿ. ಕಾಲ್ ಕಟ್ ಮಾಡುತ್ತಿದ್ದದ್ದು ಟ್ರಂಕ್ ಕೊಟ್ಟ ಕಂಪನಿ ಅಲ್ಲ, ನಮ್ಮದೇ ಪಿಬಿಎಕ್ಸ್. ಬೈ ಬಾಣ ಯಾವ ಕಡೆಯಿಂದ ಹೊರಟಿದೆ ಎಂದು ನೋಡುವುದು ಬಹಳ ಮುಖ್ಯ. ಬೈ ಕಳಿಸಿದವರು ಯಾವುದೋ ಒಂದಕ್ಕೆ ಕಾದು ಸೋತವರು. ಅವರಿಗೆ ಏನು ಸಿಗಲಿಲ್ಲ ಎಂದು ಹುಡುಕಬೇಕು.

ಆಕ್ ಯಾಕೆ ಬರಲಿಲ್ಲ? 200 ಓಕೆಯನ್ನು ತೆರೆದು ಓದಿದೆ. ಅದರಲ್ಲಿ ಒಂದು ಸಾಲು:

ಕಾಂಟ್ಯಾಕ್ಟ್: ಸಿಪ್:ಟ್ರಂಕ್@192.168.1.5:5060

ಇಲ್ಲಿದೆ ದೋಷ. ಬಿಡುವಿಲ್ಲ, ಕಾಲ್ ಸಿಗಲಿಲ್ಲ ಎಂಬಂಥ ಉತ್ತರಕ್ಕೆ ಕೊಡುವ ಆಕ್ ಇನ್ವೈಟ್ ಹೋದ ದಾರಿಯಲ್ಲೇ ಒಂದೊಂದು ಹೆಜ್ಜೆಗೆ ಮುಗಿಯುತ್ತದೆ. ಆದರೆ 200 ಓಕೆಗೆ ಕೊಡುವ ಆಕ್ ಹಾಗಲ್ಲ. ಅದು ಹೊಸ ಪಯಣ. ಕಾಂಟ್ಯಾಕ್ಟ್ ಸಾಲಿನಲ್ಲಿ ಬರೆದ ವಿಳಾಸಕ್ಕೇ ಅದು ಹೋಗಬೇಕು. ಕಂಪನಿಯ ಸರ್ವರ್ ಹೇಳಿದ ಹಾಗೆ ಮಾಡಿತು. 192.168.1.5ಕ್ಕೆ ಆಕ್ ಕಳಿಸಿತು. ಅದು ನಮ್ಮಲ್ಲಿಗೆ ಬರುವ ದಾರಿಯೇ ಇಲ್ಲ.

"ಹಾಗಾದರೆ ಇನ್ವೈಟ್ ಹೇಗೆ ಬಂತು?" ಒಳ್ಳೆಯ ಪ್ರಶ್ನೆ. ಪಿಬಿಎಕ್ಸ್ ರಿಜಿಸ್ಟರ್ ಆಗುವಾಗ, ಅಂದರೆ ನಾನು ಇಲ್ಲಿದ್ದೇನೆ ಎಂದು ಕಂಪನಿಯ ಸರ್ವರ್‌ಗೆ ಹೇಳುವಾಗ, ಪ್ಯಾಕೆಟ್ ನಿಜವಾಗಿ ಎಲ್ಲಿಂದ ಬಂತು ಎಂದು ಆ ಸರ್ವರ್ ನೋಡಿಟ್ಟುಕೊಂಡಿತ್ತು. ಇನ್ವೈಟ್ ಅಲ್ಲಿಗೇ ಕಳಿಸಿತು. ದನಿಯೂ ಹಾಗೆಯೇ: ನಮ್ಮಿಂದ ದನಿ ಬಂದ ವಿಳಾಸಕ್ಕೇ ತಿರುಗಿ ಕಳಿಸುವ ಜಾಣತನ ಅದಕ್ಕಿತ್ತು. ಆಕ್‌ಗೆ ಮಾತ್ರ ಆ ಉಪಕಾರ ಮಾಡಲಿಲ್ಲ. ಮಾಡಬೇಕೆಂಬ ನಿಯಮವೂ ಇಲ್ಲ.

ಈಗ ರಿಸೆಪ್ಷನ್‌ನವರ ಎರಡನೇ ದೂರು ನೆನಪಿಸಿಕೊಳ್ಳಿ. ನಾವು ಮಾಡಿದ ಕಾಲಲ್ಲಿ ಆ ಕಡೆಯವರು ಇಟ್ಟಾಗ ಕಂಪನಿಯ ಸರ್ವರ್ ಬೈ ಕಳಿಸುತ್ತದೆ. ಎಲ್ಲಿಗೆ? ನಮ್ಮ ಇನ್ವೈಟ್‌ನ ಕಾಂಟ್ಯಾಕ್ಟ್ ಸಾಲಿಗೆ, ಮತ್ತೆ ಅದೇ 192.168.1.5. ಬೈ ಬರಲಿಲ್ಲ, ಫೋನಿನ ಟೈಮ್ ಓಡುತ್ತಲೇ ಇತ್ತು. ಎರಡು ದೂರು, ದೋಷ ಒಂದೇ. ಈ ಎರಡೂ ಲಕ್ಷಣ ಜೊತೆಗೆ ಕಂಡರೆ ಟ್ರೇಸ್ (ಹಿಡಿದಿಟ್ಟ ಸಂದೇಶಗಳ ದಾಖಲೆ) ನೋಡುವ ಮೊದಲೇ ಕಾಂಟ್ಯಾಕ್ಟ್ ಸಾಲಿನ ಮೇಲೆ ಅನುಮಾನ ಪಡಬಹುದು.

ಇನ್ನೊಂದು 32 ಇದೆ, ಗೊಂದಲ ಬೇಡ. ಇನ್ವೈಟ್‌ಗೆ ಯಾವ ಉತ್ತರವೂ ಬರದಿದ್ದರೂ ಕರೆದ ಕಡೆ 32 ಸೆಕೆಂಡ್ ಕಾದು ಕೈಬಿಡುತ್ತದೆ. ಅದು ರಿಂಗ್ ಆಗುವ ಮೊದಲಿನ 32. ಅಲ್ಲಿ ದೋಷ ಬೇರೆ: ಸರ್ವರ್ ವಿಳಾಸ ತಪ್ಪು, ಇಲ್ಲವೇ ಫೈರ್‌ವಾಲ್ 5060 ಪೋರ್ಟ್ ಮುಚ್ಚಿದೆ. ಅದಕ್ಕೇ ಎಣಿಕೆ ಎಲ್ಲಿಂದ ಶುರು ಮಾಡಿದಿರಿ ಎನ್ನುವುದನ್ನೂ ಬರೆದಿಡಿ.

ಸರಿ ಮಾಡುವುದು

ಆಸ್ಟರಿಸ್ಕ್‌ನಲ್ಲಿ ಟ್ರಾನ್ಸ್‌ಪೋರ್ಟ್ ಭಾಗಕ್ಕೆ ಮೂರು ಸೆಟ್ಟಿಂಗ್ ಸಾಕು. ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್ ಜಾಗದಲ್ಲಿ ರೂಟರಿನ ಹೊರಗಿನ ವಿಳಾಸ. ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್ ಜಾಗದಲ್ಲೂ ಅದೇ. ಲೋಕಲ್ ನೆಟ್ ಜಾಗದಲ್ಲಿ ಒಳಗಿನ ಜಾಲ, ನಮ್ಮಲ್ಲಿ 192.168.1.0/24. ಮೂರನೆಯದನ್ನು ಮರೆಯಬೇಡಿ. ಮರೆತರೆ ಪಿಬಿಎಕ್ಸ್‌ಗೆ ಒಳಗು ಹೊರಗಿನ ಗೆರೆ ಗೊತ್ತಾಗುವುದಿಲ್ಲ. ಇದಾದ ಮೇಲೆ ಕಾಂಟ್ಯಾಕ್ಟ್ ಸಾಲು ಹೊರಗಿನ ವಿಳಾಸ ತೋರಿಸಬೇಕು. ಉದಾಹರಣೆಗೆ 203.0.113.45 ಅಂತಿಟ್ಟುಕೊಳ್ಳಿ, ಇದು ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸ.

ಹೊರಗಿನ ವಿಳಾಸ ಹಾಕುವ ಮೊದಲು ರೂಟರಿನ ವ್ಯಾನ್ (ಹೊರಗಿನ ಜಾಲದ) ಪುಟ ತೆರೆದು ನೋಡಿ. ಅಲ್ಲಿ 100.64ರಿಂದ 100.127ರ ಒಳಗಿನ ವಿಳಾಸ ಕಂಡರೆ ನಿಮಗೆ ಸ್ವಂತ ಹೊರ ವಿಳಾಸವೇ ಇಲ್ಲ. ಇಂಟರ್ನೆಟ್ ಕೊಡುವವರು ನಿಮ್ಮನ್ನೂ ಇನ್ನೂ ಬಹಳ ಜನರನ್ನೂ ಒಂದೇ ವಿಳಾಸದ ಹಿಂದೆ ಕೂರಿಸಿದ್ದಾರೆ. 2012ರಲ್ಲಿ ಈ ಕೆಲಸಕ್ಕೆಂದೇ ಆ ವಿಳಾಸಗಳನ್ನು ಮೀಸಲಿಟ್ಟರು. ಆಗ ಸ್ಥಿರ ಐಪಿ ಕೊಡಿ ಎಂದು ಕೇಳಿ. ಅದು ಆಗದಿದ್ದರೆ, ಪ್ಯಾಕೆಟ್ ಬಂದ ದಾರಿಯಲ್ಲೇ ತಿರುಗಿ ಕಳಿಸುವ ಏರ್ಪಾಡು ಇರುವ ಟ್ರಂಕ್ ಕಂಪನಿಯನ್ನು ಹಿಡಿಯಿರಿ.

ನಮ್ಮ ಕೆಲಸ ಒಂದೇ ದಿನಕ್ಕೆ ಮುಗಿಯಲಿಲ್ಲ. ಮೂರನೇ ದಿನ ಕರೆಂಟ್ ಹೋಗಿ ಬಂತು. ರೂಟರ್ ಮತ್ತೆ ಎದ್ದಾಗ ಅದಕ್ಕೆ ಹೊಸ ವಿಳಾಸ ಸಿಕ್ಕಿತ್ತು. ಪಿಬಿಎಕ್ಸ್ ಹಳೆಯ ವಿಳಾಸವನ್ನೇ ಬರೆಯುತ್ತಿತ್ತು. ಕಾಲ್ ಮತ್ತೆ 32ಕ್ಕೆ ಕಟ್! ಆಮೇಲೆ ಸ್ಥಿರ ಐಪಿ ತೆಗೆದುಕೊಂಡರು, ರೂಟರಿಗೂ ಯುಪಿಎಸ್ ಹಾಕಿಸಿದರು. ಕರೆಂಟ್ ಹೋಗಿ ಬರುವ ಊರುಗಳಲ್ಲಿ ಇದನ್ನು ಮೊದಲ ದಿನವೇ ಮಾಡಿಸಿಬಿಡಿ.

ರೂಟರಿನ "ಸಹಾಯ"

ರೂಟರಿನಲ್ಲಿ ಸಿಪ್ ಎಎಲ್‌ಜಿ ಎಂಬ ಒಂದು ಗುಂಡಿ ಇರುತ್ತದೆ. ಹಾದುಹೋಗುವ ಸಿಪ್ ಸಂದೇಶ ಬಿಚ್ಚಿ, ಒಳಗಿನ ವಿಳಾಸ ಅಳಿಸಿ, ಹೊರಗಿನದನ್ನು ಬರೆಯುವುದು ಅದರ ಕೆಲಸ. ಉದ್ದೇಶ ಒಳ್ಳೆಯದೇ. ಆದರೆ ನಾನು ಕೈಹಾಕಿದ ಜಾಗಗಳಲ್ಲಿ ಇದನ್ನು ಆಫ್ ಮಾಡಿದ ಮೇಲೆಯೇ ಉಳಿದ ಕೆಲಸ ಹಿಡಿತಕ್ಕೆ ಬಂದದ್ದು.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. 192.168.1.5 ಎಂದು ಬರೆಯಲು 11 ಅಕ್ಷರ ಬೇಕು, 203.0.113.45ಕ್ಕೆ 12. ಎಸ್‌ಡಿಪಿ ಚೀಟಿಯಲ್ಲಿ ವಿಳಾಸ ಎರಡು ಕಡೆ ಬರುತ್ತದೆ: ಕಾಲ್ ಯಾರು ಶುರು ಮಾಡಿದರು ಎನ್ನುವ ಸಾಲಿನಲ್ಲಿ, ದನಿ ಎಲ್ಲಿಗೆ ಕಳಿಸಬೇಕು ಎನ್ನುವ ಸಾಲಿನಲ್ಲಿ. ಎರಡನ್ನೂ ಬದಲಿಸಿದರೆ ಚೀಟಿ 2 ಬೈಟ್ ಉದ್ದವಾಗುತ್ತದೆ. ಚೀಟಿಯ ಉದ್ದ ಎಷ್ಟು ಎಂದು ಮೇಲೆ ಕಂಟೆಂಟ್ ಲೆಂತ್ ಸಾಲಿನಲ್ಲಿ ಬರೆದಿರುತ್ತದೆ. ರೂಟರ್ ಆ ಸಂಖ್ಯೆ ತಿದ್ದಲು ಮರೆತರೆ, ಓದುವವರು ಹಳೆಯ ಉದ್ದದಷ್ಟೇ ಓದುತ್ತಾರೆ. ಯುಡಿಪಿಯಲ್ಲಿ (ತಲುಪಿತೇ ಎಂದು ನೋಡದೆ ಪ್ಯಾಕೆಟ್ ಕಳಿಸುವ ಬಗೆ) ಮಿಕ್ಕಿದ್ದನ್ನು ಬಿಸಾಡಬೇಕು ಎಂಬುದೇ ನಿಯಮ. ಕಡಿದು ಹೋಗುವ ಆ 2 ಬೈಟ್ ಯಾವುದು ಗೊತ್ತಾ? ಕೊನೆಯ ಸಾಲು ಮುಗಿಯಿತು ಎಂದು ಹೇಳುವ ಗುರುತು. ಅದನ್ನು ಸಹಿಸುವ ಫೋನ್ ಇದೆ, ಚೀಟಿಯನ್ನೇ ತಿರಸ್ಕರಿಸುವ ಫೋನ್ ಕೂಡ ಇದೆ. ಹೀಗೆ ಒಂದು ಕಂಪನಿಯ ಫೋನಿಗೆ ಕಾಲ್ ಹೋಗಿ ಇನ್ನೊಂದಕ್ಕೆ ಹೋಗದಿದ್ದಾಗ ಜನ ಫೋನನ್ನೇ ಬೈಯುತ್ತಾರೆ.

ಎಎಲ್‌ಜಿ ಕೈ ಹಾಕಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ. ಪಿಬಿಎಕ್ಸ್ ಕಳಿಸಿದ ಸಂದೇಶವನ್ನೂ ಕಂಪನಿಗೆ ತಲುಪಿದ ಸಂದೇಶವನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಎರಡೂ ಒಂದೇ ಇರಬೇಕು. ಕೆಲವು ರೂಟರಿನಲ್ಲಿ ಆಫ್ ಮಾಡುವ ಗುಂಡಿಯೇ ಸಿಗುವುದಿಲ್ಲ. ಆಗ ಟಿಎಲ್‌ಎಸ್ ಮೇಲೆ, 5061 ಪೋರ್ಟಿನಲ್ಲಿ ಸಿಪ್ ನಡೆಸಿ. ಸಂದೇಶ ಗೂಢಲಿಪಿಯಲ್ಲಿ ಹೋಗುವುದರಿಂದ ರೂಟರಿಗೆ ತಿದ್ದಲು ಏನೂ ಕಾಣುವುದಿಲ್ಲ.

15 ನಿಮಿಷ 32 ಸೆಕೆಂಡ್, 29 ನಿಮಿಷ 28 ಸೆಕೆಂಡ್

ಈ ಎರಡು ಸಂಖ್ಯೆ ನೋಡಿದರೆ ಸೆಷನ್ ಟೈಮರ್ ಎಂದು ತಿಳಿಯಿರಿ.

ಸಿಪ್‌ನ ಮೊದಲ ಬರಹದಲ್ಲಿ ಒಂದು ಕೊರತೆ ಇತ್ತು. ಬೈ ದಾರಿಯಲ್ಲಿ ಕಳೆದುಹೋದರೆ ಕಾಲ್ ಮುಗಿಯಿತೆಂದು ನಡುವಿನ ಸರ್ವರ್‌ಗಳಿಗೆ ಗೊತ್ತಾಗುತ್ತಲೇ ಇರಲಿಲ್ಲ. ಅದಕ್ಕೆ 2005ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 4028 ಬಂತು. ಕಾಲ್‌ಗೆ ಒಂದು ಅವಧಿ ಇಡಬೇಕು, ಶಿಫಾರಸು 1800 ಸೆಕೆಂಡ್, ಎಷ್ಟು ಕಡಿಮೆ ಅಂದರೂ 90. ಅವಧಿ ಅರ್ಧ ಆದಾಗ ಒಂದು ಕಡೆಯವರು "ನಾನಿನ್ನೂ ಇದ್ದೇನೆ" ಎಂದು ಹೊಸ ಇನ್ವೈಟ್ ಅಥವಾ ಅಪ್‌ಡೇಟ್ ಕಳಿಸಬೇಕು.

ಈಗ ಲೆಕ್ಕ ಹಾಕಿ. 1800ರ ಅರ್ಧ 900 ಸೆಕೆಂಡ್, ಅಂದರೆ 15 ನಿಮಿಷ. ಆಗ ಹೊರಟ ಇನ್ವೈಟ್‌ಗೆ ಉತ್ತರ ಬರದಿದ್ದರೆ 32 ಸೆಕೆಂಡ್ ಕಾದು ಕಾಲ್ ಮುಗಿಸುತ್ತಾರೆ. 15 ನಿಮಿಷ 32 ಸೆಕೆಂಡ್ ಆಯಿತು. ಇನ್ನೊಂದು ಕಡೆಯವರು ನೋಡುತ್ತಾ ಕೂತಿದ್ದು ಯಾವ ಸುದ್ದಿಯೂ ಬರದಿದ್ದರೆ, ಅವಧಿ ಮುಗಿಯಲು 32 ಸೆಕೆಂಡ್ ಇರುವಾಗ ಬೈ ಕಳಿಸಬೇಕು ಎಂದು ಅದೇ ಆರ್‌ಎಫ್‌ಸಿ ಸಲಹೆ ಕೊಡುತ್ತದೆ. 1800ರಲ್ಲಿ 32 ಕಳೆದರೆ 1768, ಅಂದರೆ 29 ನಿಮಿಷ 28 ಸೆಕೆಂಡ್. ಹೀಗೆ ಸಮಯ ನೋಡಿಯೇ ಯಾರು ಕಟ್ ಮಾಡಿದರು ಎಂದು ಹೇಳಬಹುದು. ಸರಿಯಾಗಿ 15 ನಿಮಿಷಕ್ಕೇ ಕಟ್ ಆದರೆ ಹೊಸ ಇನ್ವೈಟ್ ತಲುಪಿದೆ, ಆದರೆ "ಇಂಥ ಕಾಲೇ ನನಗೆ ಗೊತ್ತಿಲ್ಲ" ಎಂಬ 481 ಉತ್ತರ ಬಂದಿರುವ ಸಾಧ್ಯತೆ ಜಾಸ್ತಿ.

ಟೈಮರನ್ನೇ ಆಫ್ ಮಾಡಿ ಕೈತೊಳೆದುಕೊಳ್ಳಬೇಡಿ. ಹಾಗೆ ಮಾಡಿದರೆ ಸತ್ತ ಕಾಲ್‌ಗಳು ಲೈನ್ ಹಿಡಿದು ಕೂರುತ್ತವೆ, ಬಿಲ್ಲೂ ಓಡುತ್ತದೆ. ಕಾಲ್ ನಡುವೆ ಬರುವ ಇನ್ವೈಟ್ ಯಾಕೆ ತಲುಪುತ್ತಿಲ್ಲ ಎಂದು ನೋಡಿ. ಹೆಚ್ಚಿನ ಸಲ ಉತ್ತರ ಮೇಲೆ ಹೇಳಿದ ಕಾಂಟ್ಯಾಕ್ಟ್ ಸಾಲಿನಲ್ಲೇ ಇರುತ್ತದೆ.

ಒಂದು ಕಡೆ ಮಾತ್ರ ಕೇಳಿಸುವುದು

ಎಸ್‌ಡಿಪಿ ಚೀಟಿ ತೆರೆಯಿರಿ. ದನಿ ಕಳಿಸಬೇಕಾದ ವಿಳಾಸದ ಸಾಲಿನಲ್ಲಿ 192.168 ಕಂಡರೆ ಕಾರಣ ಅದೇ. ವಿಳಾಸ ಸರಿ ಇದ್ದರೆ ಪೋರ್ಟ್ ನೋಡಿ. ಆಸ್ಟರಿಸ್ಕ್‌ನಲ್ಲಿ ದನಿಗೆ ಮೀಸಲಿಟ್ಟ ಪೋರ್ಟ್‌ಗಳನ್ನು, ಸಾಮಾನ್ಯವಾಗಿ 10000ದಿಂದ 20000, ರೂಟರಿನಲ್ಲೂ ಹಾಗೇ ಬಿಟ್ಟಿರಬೇಕು.

ಆಮೇಲೆ ಪ್ಯಾಕೆಟ್ ಎಣಿಸಿ. ಜಿ.711 ಕೋಡೆಕ್ ಸೆಕೆಂಡಿಗೆ 8000 ಮಾದರಿ ತೆಗೆಯುತ್ತದೆ. 20 ಮಿಲಿಸೆಕೆಂಡಿಗೆ ಒಂದು ಪ್ಯಾಕೆಟ್, ಪ್ಯಾಕೆಟ್ಟಿಗೆ 160 ಬೈಟ್ ದನಿ. ಸೆಕೆಂಡಿಗೆ 50 ಪ್ಯಾಕೆಟ್ ಹೋಗಬೇಕು, 50 ಬರಬೇಕು. ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ 10 ಸೆಕೆಂಡ್ ಹಿಡಿದು ನೋಡಿ. ಒಂದು ಕಡೆ 500 ಹತ್ತಿರ ಇದ್ದು ಇನ್ನೊಂದು ಕಡೆ 0 ಇದ್ದರೆ ದಾರಿ ಮುಚ್ಚಿದೆ. ಎರಡೂ ಕಡೆ 500 ಇದ್ದೂ ದನಿ ಇಲ್ಲದಿದ್ದರೆ ಫೋನಿನ ಹ್ಯಾಂಡ್‌ಸೆಟ್ ವೈರ್ ನೋಡಿ, ಕೋಡೆಕ್ ನೋಡಿ. ದನಿ ಬರುತ್ತದೆ ಆದರೆ ಗರಗರ ಅನ್ನುತ್ತದೆ, ಒಡೆದ ಹಾಗಿದೆ ಅಂದರೆ ಜಿ.711ರ ಎರಡು ಬಗೆಗಳಲ್ಲಿ ಒಂದು ಕಡೆ ಎ-ಲಾ, ಇನ್ನೊಂದು ಕಡೆ ಮ್ಯೂ-ಲಾ ಆಗಿರಬಹುದು. ಭಾರತದಲ್ಲಿ ಬಳಸುವುದು ಎ-ಲಾ. ಹೊರದೇಶದ ಮಾದರಿ ಕಡತದಿಂದ ಸೆಟ್ಟಿಂಗ್ ಎತ್ತಿ ಹಾಕಿದ ಕಡೆ ಇದನ್ನು ಮೊದಲು ನೋಡಿ.

ಹೊತ್ತು ಕಳೆದ ಮೇಲೆ ಒಳಬರುವ ಕಾಲ್ ರಿಂಗ್ ಆಗದಿರುವುದು

ಬೆಳಗ್ಗೆ ಫೋನ್ ಸರಿ ಇರುತ್ತದೆ. ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಹೊರಗಿಂದ ಬಂದ ಕಾಲ್ ಸಿಗುವುದಿಲ್ಲ. ಒಳಗಿಂದ ಒಂದು ಕಾಲ್ ಮಾಡಿದರೆ ಮತ್ತೆ ಸರಿ. ಇದು ರೂಟರಿನ ಮರೆವು. ಯುಡಿಪಿ ದಾರಿಯನ್ನು ಕನಿಷ್ಠ 2 ನಿಮಿಷ ನೆನಪಿಡಬೇಕು ಎಂದು 2007ರ ಆರ್‌ಎಫ್‌ಸಿ 4787 ಹೇಳಿದ್ದರೂ, ಅದಕ್ಕಿಂತ ಬೇಗ ಮರೆಯುವ ರೂಟರ್‌ಗಳಿವೆ. ಫೋನ್ ಮಾತ್ರ ಗಂಟೆಗೊಮ್ಮೆ ರಿಜಿಸ್ಟರ್ ಆಗುತ್ತಿರುತ್ತದೆ. ಕೀಪ್‌ಅಲೈವ್ (ದಾರಿ ಮರೆಯದ ಹಾಗೆ ಆಗಾಗ ಕಳಿಸುವ ಪುಟ್ಟ ಪ್ಯಾಕೆಟ್) ಆನ್ ಮಾಡಿ, 25 ಸೆಕೆಂಡಿಗೊಮ್ಮೆ ಇಡಿ. ಆರ್‌ಎಫ್‌ಸಿ 5626 ಯುಡಿಪಿಗೆ ಹೇಳುವುದೂ 24ರಿಂದ 29 ಸೆಕೆಂಡ್.

ಹೆಸರು ಹಾಕಿದ ಮೇಲೆ ಕೆಟ್ಟ ಫೋನ್

ಇದನ್ನು ಬರೆಯಲೇಬೇಕು, ಏಕೆಂದರೆ ಕನ್ನಡದಲ್ಲಿ ಹೆಸರು ಹಾಕುವವರಿಗೆ ಇದು ಬೇಗ ಎದುರಾಗಬಹುದು. ಸಿಪ್‌ನಲ್ಲಿ ತೋರಿಸುವ ಹೆಸರು ಎಲ್ಲ ಭಾಷೆಯ ಅಕ್ಷರಗಳನ್ನೂ ಬರೆಯಬಲ್ಲ ಯುಟಿಎಫ್-8ರಲ್ಲಿ ಇರಬಹುದು. ಅಂದರೆ ಎಕ್ಸ್‌ಟೆನ್ಷನ್‌ಗೆ "ಔಷಧಿ ಅಂಗಡಿ" ಎಂದು ಕನ್ನಡದಲ್ಲೇ ಹೆಸರಿಡಲು ಸ್ಟ್ಯಾಂಡರ್ಡ್ ಒಪ್ಪುತ್ತದೆ. ಫೋನಿನಲ್ಲಿ ಕನ್ನಡ ಅಕ್ಷರ ಇದ್ದರೆ ಚೆಂದವಾಗಿ ಕಾಣುತ್ತದೆ, ದಯವಿಟ್ಟು ಹಾಕಿ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು. ಆ ಎರಡು ಪದಕ್ಕೆ ಖಾಲಿ ಜಾಗವೂ ಸೇರಿ 28 ಬೈಟ್. ಹೆಸರು ಒಂದೇ ಸಂದೇಶದಲ್ಲಿ ಎರಡು ಮೂರು ಕಡೆ ಬರಬಹುದು.

ಹೆಸರೊಂದೇ ತೊಂದರೆ ಮಾಡುವುದಿಲ್ಲ. ಜೊತೆಗೆ ಹತ್ತು ಕೋಡೆಕ್, ವಿಡಿಯೋ, ಗೂಢಲಿಪಿಯ ಸಾಲುಗಳು ಸೇರಿದರೆ ಇನ್ವೈಟ್ 1300 ಬೈಟ್ ದಾಟುತ್ತದೆ. ಅದು ಗೆರೆ. ದಾರಿಯ ಅಳತೆ ಗೊತ್ತಿಲ್ಲದಿದ್ದಾಗ 1300 ದಾಟಿದ ಸಂದೇಶವನ್ನು ಯುಡಿಪಿಯಲ್ಲಿ ಕಳಿಸಬಾರದು, ತಲುಪಿತೇ ಎಂದು ನೋಡಿಕೊಳ್ಳುವ ಟಿಸಿಪಿಯಂಥದ್ದರಲ್ಲಿ ಕಳಿಸಬೇಕು ಎನ್ನುತ್ತದೆ ಆರ್‌ಎಫ್‌ಸಿ 3261. ಎಲ್ಲ ಸಾಧನಗಳೂ ಇದನ್ನು ಪಾಲಿಸುವುದಿಲ್ಲ. 1500 ಹತ್ತಿರ ಹೋದಾಗ ಪ್ಯಾಕೆಟ್ ಎರಡು ತುಂಡಾಗುತ್ತದೆ, ಎರಡನೇ ತುಂಡನ್ನು ಯಾವುದೋ ಫೈರ್‌ವಾಲ್ ಬಿಸಾಡುತ್ತದೆ. ಲಕ್ಷಣ: ಕೆಲವು ಎಕ್ಸ್‌ಟೆನ್ಷನ್‌ನಿಂದ ಮಾತ್ರ ಕಾಲ್ ಹೋಗುವುದಿಲ್ಲ. ಬೇಡದ ಕೋಡೆಕ್ ತೆಗೆಯಿರಿ, ಎರಡು ಸಾಕು. ಇಲ್ಲವೇ ಟಿಸಿಪಿಗೆ ಬದಲಿಸಿ. ಕನ್ನಡ ಹೆಸರು ಮಾತ್ರ ತೆಗೆಯಬೇಡಿ.

ಗುಂಡಿ ಒತ್ತಿದ್ದು ಬ್ಯಾಂಕಿನ ಯಂತ್ರಕ್ಕೆ ತಿಳಿಯದಿದ್ದರೆ ಡಿಟಿಎಂಎಫ್ (ಒತ್ತಿದ ಗುಂಡಿಯನ್ನು ಆ ಕಡೆಗೆ ತಿಳಿಸುವ ಬಗೆ) ಸೆಟ್ಟಿಂಗ್ ಆರ್‌ಎಫ್‌ಸಿ 4733 ಎಂದಿದೆಯೇ ನೋಡಿ. ಹಳೆಯ ಫೋನುಗಳಲ್ಲಿ ಅದರ ಹಿಂದಿನ ಸಂಖ್ಯೆ 2833 ಎಂದೇ ಬರೆದಿರುತ್ತದೆ, ಪರವಾಗಿಲ್ಲ. ಎರಡೂ ಕಡೆ ಒಂದೇ ಬಗೆ ಇರಬೇಕು, ಅಷ್ಟೇ.

ಕಂಪನಿಗೆ ದೂರು ಬರೆಯುವಾಗ

"ಕಾಲ್ ಕಟ್ ಆಗುತ್ತಿದೆ, ದಯವಿಟ್ಟು ನೋಡಿ" ಎಂದು ಬರೆದರೆ "ನಮ್ಮ ಕಡೆ ಎಲ್ಲ ಸರಿ ಇದೆ" ಎಂಬ ಉತ್ತರ ಬರುತ್ತದೆ. ಅವರಿಗೂ ಹುಡುಕಲು ಏನಾದರೂ ಕೊಡಬೇಕಲ್ವಾ? ಕಾಲ್-ಐಡಿ ಸಾಲನ್ನು (ಸಿಪ್ ಸಂದೇಶದಲ್ಲಿರುವ ಆ ಕಾಲಿನ ಗುರುತು) ಪೂರ್ತಿ ಕೊಡಿ, ದಿನಾಂಕ ಮತ್ತು ಸೆಕೆಂಡಿನ ತನಕ ಸಮಯ ಕೊಡಿ, ಬೈ ಯಾರು ಕಳಿಸಿದರು ಎಂದು ಹೇಳಿ, ಟ್ರೇಸ್ ಕಡತ ಲಗತ್ತಿಸಿ. ಯಾವ ಆರ್‌ಎಫ್‌ಸಿಯ ಯಾವ ಭಾಗ ಎಂದು ಒಂದು ಸಾಲು ಸೇರಿಸಿ. ಕಡತ ಕಳಿಸುವ ಮೊದಲು ಪೇಷೆಂಟ್‌ಗಳ ಫೋನ್ ನಂಬರ್ ಮರೆಮಾಡಿ, ದನಿಯ ಪ್ಯಾಕೆಟ್ ತೆಗೆದುಹಾಕಿ. ಅದು ಅವರ ಖಾಸಗಿ ಮಾತು.

ಬೀದಿಯ ದೋಷ ಸ್ಟ್ಯಾಂಡರ್ಡ್ ತನಕ ಹೋಗುವುದೂ ಇದೆ. ಆರ್‌ಎಫ್‌ಸಿ 3261ರಲ್ಲೇ, ಇದೇ 200 ಓಕೆ ವಿಷಯದಲ್ಲೇ ಒಂದು ತಪ್ಪಿತ್ತು. ಓಕೆ ಕಳಿಸಿದ ಕೂಡಲೇ ಸರ್ವರ್ ಆ ವ್ಯವಹಾರ ಮರೆತುಬಿಡುತ್ತಿತ್ತು. ತಡವಾಗಿ ಅದೇ ಇನ್ವೈಟ್‌ನ ಇನ್ನೊಂದು ಪ್ರತಿ ಬಂದರೆ ಹೊಸ ಕಾಲ್ ಅಂದುಕೊಳ್ಳುತ್ತಿತ್ತು. 2010ರಲ್ಲಿ ಆರ್‌ಎಫ್‌ಸಿ 6026 ಅದನ್ನು ತಿದ್ದಿತು. ಈಗ ಓಕೆ ಹೋದ ಮೇಲೂ 32 ಸೆಕೆಂಡ್ ನೆನಪಿಟ್ಟುಕೊಳ್ಳಬೇಕು. ನಿಮ್ಮ ಪಿಬಿಎಕ್ಸ್ ತೀರಾ ಹಳೆಯದಾಗಿದ್ದು, ಒಂದೇ ಕಾಲ್ ಎರಡು ಸಲ ರಿಂಗ್ ಆಗುತ್ತಿದ್ದರೆ ಇದನ್ನೂ ಅನುಮಾನದ ಪಟ್ಟಿಗೆ ಸೇರಿಸಿ.

ಕೊನೆಯ ಪರೀಕ್ಷೆ

ಸರಿ ಮಾಡಿದ ಮೇಲೆ ಸುಮ್ನೆ ಒಂದು ಹಲೋ ಅಂದು ಇಡಬೇಡಿ. ಹೊರಗಿಂದ ಒಳಗೆ ಒಂದು ಕಾಲ್, ಕನಿಷ್ಠ 40 ಸೆಕೆಂಡ್. ಒಳಗಿಂದ ಹೊರಗೆ ಒಂದು, ಆ ಕಡೆಯವರೇ ಇಡಲಿ, ನಮ್ಮ ಫೋನ್ ತಾನಾಗಿ ಬಿಡುಗಡೆ ಆಗಬೇಕು. ಒಂದು ಕಾಲನ್ನು 16 ನಿಮಿಷ, ಇನ್ನೊಂದನ್ನು 31 ನಿಮಿಷ ಹಿಡಿದಿಡಿ. ರೂಟರಿನ ಪ್ಲಗ್ ಕಿತ್ತು ಹಾಕಿ, ಎಲ್ಲವನ್ನೂ ಇನ್ನೊಮ್ಮೆ ಮಾಡಿ.

ಆಸ್ಪತ್ರೆಯಲ್ಲಿ 31 ನಿಮಿಷದ ಕಾಲ್ ಅನ್ನು ರಿಸೆಪ್ಷನ್‌ನವರೇ ಮಾಡಿದರು, ಊರಿನಲ್ಲಿದ್ದ ತಮ್ಮ ಅಕ್ಕನಿಗೆ. 15 ನಿಮಿಷ ದಾಟಿದಾಗ ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. 29 ದಾಟಿತು, 30 ದಾಟಿತು. ತೆರೆಯ ಮೇಲೆ 15ನೇ ನಿಮಿಷಕ್ಕೆ ಒಂದು ಇನ್ವೈಟ್, ಒಂದು ಓಕೆ, ಒಂದು ಆಕ್. 30ಕ್ಕೆ ಮತ್ತೆ ಅದೇ ಮೂರು ಬಾಣ.